ಕೌಶಿಕನ ಖಾಲಿ ಕುರ್ಚಿ

ಕುರ್ಚಿಗಾಗಿ ಪರದಾಟ ರಾಜಧಾನಿಯಲ್ಲಷ್ಟೇ ನಡೆಯುತ್ತದೆ ಎಂದುಕೊಂಡವರು ಆ ಭಾನುವಾರ ಯರಗಟ್ಟಿಯಲ್ಲಿ ಕೌಶಿಕನ ಹಿತ್ತಲಿಗೆ ಬರಬೇಕಿತ್ತು. ಇದ್ದದ್ದು ಒಂದೇ ಕುರ್ಚಿ, ಅದೂ ಪ್ಲಾಸ್ಟಿಕ್ಕಿನದು, ಒಂದು ಕಾಲು ಸೊಟ್ಟ. ಅದು ಖಾಲಿ ಇರಬೇಕಿತ್ತು. ಇರಲಿಲ್ಲ, ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಕೌಶಿಕ ಮಾವನ ಮನೆಯಲ್ಲೇ ಇದ್ದ ಅಳಿಯ. ಮಾವ ಕೃಷ್ಣಾಜಿಯವರು ನಿವೃತ್ತ ಹೆಡ್‌ಮಾಸ್ತರರು. ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಹೆಡ್‌ಮಾಸ್ತರಿಕೆಯಿಂದ ಆಗಿರಲಿಲ್ಲ. ಅಳಿಯ ಊಟಕ್ಕೆ ಕೂತರೆ, "ಕೌಶಿಕರಾವ, ಬೆನ್ನು ನೆಟ್ಟಗ!" ಎನ್ನುವರು. ಮಲಗಿದ್ದರೂ ಎನ್ನುವರು. ಅವರೆದುರು ಬಾಯಿ ತೆರೆದರೆ ಸಾಕು, ಕೌಶಿಕನಿಗೆ ಬಿಕ್ಕಳಿಕೆ. ನೀರೆತ್ತದ ಹಳೆಯ ಪಂಪ್‌ಸೆಟ್ಟಿನ ಹಾಗೆ ಮಾತಿನ ಬದಲು ಬರೀ 'ಬಿಕ್, ಬಿಕ್'.

ಅವನ ನೌಕರಿ ನವಿಲುತೀರ್ಥದಲ್ಲಿ. ಹತ್ತಿರದ ಮುನವಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿಟ್ಟಿದ್ದ. ಹೆಂಡತಿ ಜ್ಯೋತ್ಸ್ನಾ ಒಪ್ಪಿದ್ದಳು, ಆದರೆ, "ಅಪ್ಪಗ ನೀವ ಹೇಳ್ರಿ. ನಾ ಮಾತ್ರ ಹೇಳಂಗಿಲ್ಲ" ಎಂದಿದ್ದಳು. ಮನೆಯ ಮಾಲಕ ಗಡುವು ಕೊಟ್ಟಿದ್ದ: "ಇನ್ನೊಬ್ರು ಹಿರೇರು ಕೇಳಿ ಹೋಗ್ಯಾರ್ರಿ. ಭಾನುವಾರ ಸಂಜೀ ತನಕ ನೋಡತೇನಿ."

ಬಿಕ್ಕಳಿಕೆ ಕಟ್ಟಿಕೊಂಡು ಕೌಶಿಕ ಸವದತ್ತಿಯ ಪದ್ಮಜಾ ಮೇಡಂ ಹತ್ತಿರ ಹೋದ. ಅವರು ಮನಸ್ಸಿನ ಡಾಕ್ಟರು. ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ಅಲ್ಲಿ ಒಂದೇ ಬಾಗಿಲು, ಆದರೆ ಒಂದೇ ಮದ್ದಲ್ಲ. ಮಾತೇ ಆಡದ ಪುಟ್ಟ ಹುಡುಗಿಯೊಬ್ಬಳು ಎರಡು ಗೊಂಬೆಗಳನ್ನು ಹಿಡಿದು ಜೋರಾಗಿ ಜಗಳವಾಡಿಸುತ್ತಿದ್ದಳು. ಗೋಡೆಗೆ ಯಾರೋ ಬಣ್ಣ ಹಚ್ಚಿದ ನವಿಲಿನ ಚಿತ್ರ ಅಂಟಿಸಿತ್ತು. ನವಿಲು ಕವಾಯತಿಗೆ ನಿಂತಂತೆ ಬಹಳ ನೆಟ್ಟಗಿತ್ತು.

"ನನಗೂ ಗೊಂಬಿ ಕೊಡ್ರಿ," ಎಂದ ಕೌಶಿಕ ಆಸೆಯಿಂದ.

"ಒಬ್ಬರ ಅಳತಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಬರೂದಿಲ್ರಿ," ಎಂದು ಮೇಡಂ ನಕ್ಕರು. "ನಿಮ್ಮ ಅಳತಿಗೆ ಕುರ್ಚಿ ಅದ. ಒಂದು ಖಾಲಿ ಕುರ್ಚಿ ಇಟ್ಟು, ಅದರಾಗ ಮಾವನವರು ಕೂತಾರ ಅಂತ ತಿಳಕೊಂಡು ಮನಸಿನ್ಯಾಗಿದ್ದದ್ದೆಲ್ಲಾ ಹೇಳ್ರಿ. ಕುರ್ಚಿಗೆ ಹೇಳಲಿಕ್ಕೆ ಬಂತು ಅಂದ್ರ ಮನಷ್ಯಾಗೂ ಬರ್ತದ."

ಒಂದು ಸಂಗತಿ ಮಾತ್ರ ಮೇಡಂ ಓದಿದ ಪುಸ್ತಕದಲ್ಲಿ ಇರಲಿಲ್ಲ. ಯರಗಟ್ಟಿಯಲ್ಲಿ ಖಾಲಿ ಕುರ್ಚಿ ಎಂದರೆ ಖಾಲಿ ಕುರ್ಚಿಯಲ್ಲ, ಆಮಂತ್ರಣ.

ಭಾನುವಾರ ಮಾವ ಪೇಟೆಗೆ ಹೋದದ್ದೇ ತಡ, ಕೌಶಿಕ ಹಿತ್ತಲಲ್ಲಿ ಕುರ್ಚಿ ಹಾಕಿ ಗಂಟಲು ಸರಿಮಾಡಿಕೊಂಡ. "ಮಾವನವರ..."

"ಯಾರ್ ಬರಾಕತ್ತಾರ್ರಿ?" ಗಿಡ್ಡ ಗೋಡೆಯಾಚೆ ಬೀಜ-ಗೊಬ್ಬರದಂಗಡಿಯ ಸೋಮಪ್ಪನ ತಲೆ ಎದ್ದಿತು.

"ಯಾರೂ ಇಲ್ಲ, ಸೋಮಪ್ಪಣ್ಣ."

"ಹಂಗಾರ ನಾನ ಬರತೇನಿ," ಎಂದವನೇ ಗೋಡೆ ದಾಟಿ ಬಂದು ಕುರ್ಚಿ ತುಂಬಿದ.

'ಏಳ್ರಿ' ಎನ್ನುವ ಬಾಯಿ ಇದ್ದಿದ್ದರೆ ಕೌಶಿಕ ಮೇಡಂ ಹತ್ತಿರ ಯಾಕೆ ಹೋಗುತ್ತಿದ್ದ? ಚಹಾ ಬಂತು. ಗೋವಿನಜೋಳದ ದರ ಏರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಕೌಶಿಕ ನಿಜ ಹೇಳಬೇಕಾಯಿತು.

ಸೋಮಪ್ಪ ಎದ್ದ; ಹೋಗಲಿಲ್ಲ. "ಯವ್ವಾ, ಲಗೂನ ಬಾ! ಇವರು ಕುರ್ಚಿ ಜೋಡಿ ಮಾತಾಡಾಕತ್ತಾರ!"

ಅವನ ತಾಯಿ ಸಿದ್ದಲಿಂಗವ್ವ ಉಪ್ಪು, ಮೆಣಸಿನಕಾಯಿ, ಕೆಂಡದ ತಟ್ಟೆಯೊಂದಿಗೇ ಬಂದಳು. "ದಿಟ್ಟಿ ಆಗೇತಿ ತಮ್ಮಾ," ಎಂದು ಕೌಶಿಕನಿಗೆ ಇಳಿಸಿ ತೆಗೆದಳು. ಯಾವುದಕ್ಕೂ ಇರಲಿ ಎಂದು ಕುರ್ಚಿಗೂ ಇಳಿಸಿದಳು. ಆಮೇಲೆ ಕುರ್ಚಿಯನ್ನು ಹಿಂದೆ ಮುಂದೆ ನೋಡಿ, "ಬರೇ ಕುರ್ಚಿಗೆ ಯಾರ್ ಅಂಜತಾರ? ಮಾಸ್ತರ ಕುಂತಂಗ ಕಾಣಬೇಕಲಾ," ಎಂದು ಹಗ್ಗದ ಮೇಲೆ ಒಣಗುತ್ತಿದ್ದ ಕೃಷ್ಣಾಜಿಯವರ ಶಾಲು ಹೊದಿಸಿ, ಮೇಲೆ ಹಿತ್ತಲ ಬಾಗಿಲ ಗೂಟದಲ್ಲಿದ್ದ ಅವರ ಕರಿ ಟೊಪ್ಪಿಗೆ ಏರಿಸಿದಳು.

ಇನ್ನು ದನಿಯೊಂದೇ ಬಾಕಿ. ಸೋಮಪ್ಪ ಕುರ್ಚಿಯ ಹಿಂದೆ ನಿಂತು ಮೂಗಿನಿಂದ ಎಳೆದ: "ಕೌಶಿಕರಾssವ! ಬೆನ್ನು ನೆಟ್ಟಗ!"

"ಬಿಕ್," ಎಂದ ಕೌಶಿಕ.

"ಭೇಷ್! ಕುರ್ಚಿ ಕೆಲಸಾ ಮಾಡಾಕತ್ತೇತಿ!"

ಅಷ್ಟರಲ್ಲಿ ಸಿದ್ದಲಿಂಗವ್ವ ಮೆಣಸಿನಕಾಯಿಗಳನ್ನು ಕೆಂಡಕ್ಕೆ ಸುರಿದಳು. ಘಾಟು ಎದ್ದಿತು. ತಾಯಿ ಮಗ ಕೆಮ್ಮುತ್ತ ಗೋಡೆಯಾಚೆ ಓಡಿದರು. ಕೌಶಿಕ ಕಣ್ಣು ಮುಚ್ಚಿದ, ಧಾರಾಕಾರ ನೀರು. ಕಣ್ಣು ಮುಚ್ಚಿದ ಧೈರ್ಯವೋ, ಖಾರದ ಧೈರ್ಯವೋ, ಬಾಯಿ ಬಿಚ್ಚಿಕೊಂಡಿತು.

"ಮಾವನವರ, ನಾವು ಮುನವಳ್ಳಿಗೆ ಹೊಂಟೇವಿ. ನನ್ನ ಬೆನ್ನು ನನ್ನದು, ಸೊಟ್ಟಿದ್ರ ಸೊಟ್ಟಿರ್ಲಿ! ರಜಾ ದಿನಾ ಐದಕ್ಕ ಎಬ್ಬಿಸಬ್ಯಾಡ್ರಿ. ಕಿರಾಣಿ ಚೀಟಿಯೊಳಗ ಕೆಂಪು ಶಾಯಿಲೆ ತಪ್ಪು ತಿದ್ದಬ್ಯಾಡ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ರಿ, ಅಂಜಿಕಿ ಅದ. ಅಂಜಿಕಿ ಬಿಟ್ಟು ನಿಮ್ಮ ಜೋಡಿ ನಾಕು ಮಾತಾಡಬೇಕಂದ್ರ ನಡುವ ಒಂಚೂರು ದೂರ ಬೇಕು."

ಒಂದು ಬಿಕ್ಕಳಿಕೆಯೂ ಬರಲಿಲ್ಲ. ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿ ಕಣ್ಣು ತೆರೆದ. ಕುರ್ಚಿಯಲ್ಲಿ ಶಾಲು ಇತ್ತು, ಟೊಪ್ಪಿಗೆ ಇತ್ತು. ಎರಡರ ನಡುವೆ ಕೃಷ್ಣಾಜಿಯವರೂ ಇದ್ದರು.

ಗೋಡೆಯ ಮೇಲಿದ್ದ ಎರಡು ತಲೆಗಳು ಗಪ್ಪನೆ ಮುಳುಗಿದವು.

"ಮುಗೀತೇನ್ರಿ?" ಮಾವನ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. "ಪ್ಯಾಟಿಯಿಂದ ಬಂದು ಕುರ್ಚಿ ನೋಡಿದ ಕೂಡ್ಲೆ ತಿಳೀತು, ಪದ್ಮಜಾ ಮೇಡಂ ಅಭ್ಯಾಸ ಅಂತ. ಲೈಬ್ರರಿ ಅಂತ ಹೇಳಿ ನಾನೂ ಅಲ್ಲೇ ಹೋಗತೀನಿ. ಆ ನವಿಲು ನಂದ. ನಿಮಗ ಮಾತಾಡೂ ಅಭ್ಯಾಸ ಕೊಟ್ಟಾರ. ನನಗ, ಬಾಯಿ ಮುಚ್ಚಿ ಒಬ್ಬರ ಮಾತು ಪೂರಾ ಕೇಳೂ ಅಭ್ಯಾಸ. ಜನ್ಮದಾಗ ಇವತ್ತ ಸಾಧಿಸ್ತು ನೋಡ್ರಿ."

"ಸಿಟ್ಟು ಬರಲಿಲ್ಲೇನ್ರಿ?"

"ಸಿಟ್ಟ್ಯಾಕ? ಇವತ್ತ ಸಂಜೀ ಬಸ್ಸಿಗೆ ನಾನ ಮನಿ ಬಿಟ್ಟು ಹೊಂಟಿದ್ದೆ. ಚೀಲಾ ಕಟ್ಟಿಟ್ಟೀನಿ. ಮುನವಳ್ಳಿಯೊಳಗ ಎರಡು ಖೋಲಿ ಮನಿ ನೋಡಿದ್ದೆ. ನವಿಲುತೀರ್ಥದ ನೌಕರದಾರರೊಬ್ಬರೂ ಅದನ್ನ ಕೇಳ್ಯಾರಂತ ಮಾಲಕ ಅಂದಿದ್ದ, ಅದು ನೀವ ಅಂತ ಈಗ ತಿಳೀತು. ಇಲ್ಲೆ ನನ್ನ ಜೋಡಿ ಯಾರೂ ಮಾತಾಡೂದಿಲ್ಲ, ಬರೇ ಬಿಕ್ಕತಾರ ಅಂತ ಬ್ಯಾಸರಾಗಿತ್ತು."

ಕೌಶಿಕ ತಟ್ಟನೆ ಲೆಕ್ಕ ಹಾಕಿದ. ಇನ್ನೊಂದೇ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಈ ಮನೆಯೇ ತನ್ನದು, ಬೆನ್ನೂ ತನ್ನದು! "ಹೋಗಿ ಬರ್ರಿ ಮಾವನವರ," ಎಂದ ಗಡಬಡಿಸಿ. "ಹೊಳಿ ಗಾಳಿ, ತಂಪು ಹವಾ..."

"ಎಲ್ಲಿ ಹೋಗೂದು? ಇಂಥಾ ಮಾತುಗಾರ ಅಳಿಯಾ ಸಿಕ್ಕ ಮ್ಯಾಲೆ!" ಕೃಷ್ಣಾಜಿಯವರು ಅಲ್ಲೇ ಫೋನು ತೆಗೆದು ಮಾಲಕನಿಗೆ ಹಚ್ಚಿದರು. "ನಮಸ್ಕಾರ್ರಿ. ಆ ಮನಿ ನನಗೂ ಬ್ಯಾಡ, ನಿಮ್ಮನ್ನ ಕೇಳಿದ ಇನ್ನೊಬ್ಬರಿಗೂ ಬ್ಯಾಡ. ಇಬ್ಬರೂ ಒಂದ ಮನಿಯವರು."

ಫೋನು ಕಿಸೆಗಿಳಿಸಿ ಎದ್ದರು. "ನಾಳಿಂದ ದಿನಾ ಮುಂಜಾನೆ ಐದಕ್ಕ ಇಲ್ಲೇ ಕೂಡೂಣು. ನೀವು ಹೇಳ್ರಿ, ನಾ ಕೇಳತೀನಿ. ಹಾಂ, ಕೌಶಿಕರಾವ..."

"ರೀ?"

"ಬೆನ್ನು ನೆಟ್ಟಗ."

"ಬಿಕ್."

"ಬಿಕ್ಕಾಕತ್ತೀ ತಮ್ಮಾ?" ಗೋಡೆಯಾಚೆಯಿಂದ ಸಿದ್ದಲಿಂಗವ್ವನ ದನಿ ಬಂತು. "ಯಾರೋ ನೆನಸಾಕತ್ತಾರ ನೋಡ."

ಮುನವಳ್ಳಿಯ ಆ ಎರಡು ಕೋಣೆಯ ಮನೆಯೇ ಇರಬೇಕು ಎಂದುಕೊಂಡ ಕೌಶಿಕ. ಮತ್ತು ಇನ್ನೊಮ್ಮೆ ಬಿಕ್ಕಿದ.