ಕಲಾಯಿಯವನ ಹೆಬ್ಬೆಟ್ಟು

ಕಾನೂನಿನಲ್ಲಿ ನಿಲ್ಲದ ಕಾಗದವನ್ನು ಶ್ರದ್ಧೆಯಿಂದ ಬರೆಸಿ, ಆಮೇಲೆ ವಕೀಲನಿಗೆ ತೋರಿಸುವುದು ಶಿಕಾರಿಪುರದಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ೧೯೫೮ರ ಸುಮಾರಿಗೆ ನನ್ನ ವಕೀಲಿ ಕಚೇರಿಗೆ ಬಂದ ಒಂದು ಕಾಗದದ ಕಥೆ ಮಾತ್ರ ಬೇಗ ಮುಗಿಯಲಿಲ್ಲ.

೧. ಛಾಪಾ ಕಾಗದ

ತಂದವರು ಪಾತ್ರೆ ಅಂಗಡಿಯ ಸಾಹುಕಾರರು. ಅವರ ಹಿತ್ತಾಳೆ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕಿಕೊಡುತ್ತಿದ್ದವನು ಸಂಬಳದ ಆಳಲ್ಲ. ಪಾತ್ರೆಗಿಷ್ಟು ಎಂದು ಕೆಲಸ. ಅವನನ್ನು ಬಿಡಿಸಿ ಅಗ್ಗದವನೊಬ್ಬನನ್ನು ಹಿಡಿದಿದ್ದರು. ಆದರೆ ಬಿಟ್ಟ ಮೇಲೆ ಐದು ವರ್ಷ ಶಿಕಾರಿಪುರ ತಾಲ್ಲೂಕಿನಲ್ಲಿ ಅವನು ಕಲಾಯಿ ಹಾಕಕೂಡದೆಂದು ಮೊದಲೇ ಛಾಪಾ ಕಾಗದದ ಮೇಲೆ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

"ಇದು ನಡೆಯೋದಿಲ್ಲ. ಕಸುಬು ಮಾಡಬೇಡ ಅನ್ನೋ ಕರಾರು ಕಾಯ್ದೆ ಪ್ರಕಾರ ರದ್ದು," ಎಂದೆ.

"ನಡೆಯೋದಿಲ್ಲ ಅಂದ್ರೆ ಸರ್ಕಾರ ಛಾಪಾ ಕಾಗದ ಯಾಕ್ರೀ ಮಾರ್ತೈತಿ?"

ಲಾ ಕಾಲೇಜಿನಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

೨. ಗಡಿಕಲ್ಲು

ಆಮೇಲೆ ಕಲಾಯಿಯವನೇ ಬಂದ. ಐದು ಜನರ ಸಂಸಾರ, ಊರಲ್ಲಿ ಕೆಲಸವಿಲ್ಲ.

"ಧೈರ್ಯವಾಗಿ ಇಲ್ಲೇ ಒಲೆ ಹೂಡು. ಆ ಕರಾರು ಸತ್ತದ್ದು," ಎಂದೆ.

"ಛಾಪಾ ಕಾಗದ ಸಾಯ್ತದೇನ್ರೀ ವಕೀಲ್‌ ಸಾಬ್ರೇ? ನನ್ನ ಹೆಬ್ಬೆಟ್ಟು ಇನ್ನೂ ಅದರ ಮೇಲೈತಲ್ಲ!"

ಮರುದಿನದಿಂದ ಆನವಟ್ಟಿ ಬಸ್ಸು ಹತ್ತಿ, ಸೊರಬ ತಾಲ್ಲೂಕಿನ ಗಡಿಕಲ್ಲು ದಾಟಿ ಹತ್ತು ಹೆಜ್ಜೆಗೆ ತಿದಿ ಊದತೊಡಗಿದ. ಶಿಕಾರಿಪುರದ ಹೆಂಗಸರು ಪಾತ್ರೆಗಳನ್ನು ಅದೇ ಬಸ್ಸಿನ ಮೇಲೆ ಹಾಕಿಸಿದರು.

ಸಾಹುಕಾರರು ಓಡಿಬಂದರು. "ಅವನ ಒಲೆ ಹೊಗೆ ನಮ್ಮ ತಾಲ್ಲೂಕಿಗೆ ಬರ್ತೈತ್ರೀ!"

"ಹೊಗೆ ಹೆಬ್ಬೆಟ್ಟು ಒತ್ತಿದೆಯೇ?" ಎಂದು ಕೇಳಿದೆ.

೩. ಸಾಕ್ಷಿ

ತಿಂಗಳಾಯಿತು. ಸಾಹುಕಾರರು ಫಳಫಳ ಹೊಳೆಯುವ ಹಿತ್ತಾಳೆ ಪಾತ್ರೆಯೊಂದನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. "ಅವನ ಒಲೆ ಹತ್ತಿರದಿಂದ ಕಿತ್ತು ತಂದೀನಿ. ನಮ್ಮೂರ ಗಿರಾಕೀದೇ. ಹಾಕ್ರಿ ದಾವಾ!"

ಹಿಂದೆಯೇ ಕಲಾಯಿಯವನು ಏದುಸಿರು ಬಿಡುತ್ತ ಬಂದ. "ಪಾತ್ರೆ ಕೊಡ್ರೀ ಸಾಹುಕಾರ್ರೇ, ಸಂಜೆ ಬಸ್ಸಿಗೆ ಕಳಿಸ್ತೀನಂತ ಮಾತು ಕೊಟ್ಟೀನಿ."

ಯಾರದೆಂದು ತಿರುಗಿಸಿ ನೋಡಿದೆ. ಕಂಠದ ಕೆಳಗೆ ಹೆಸರು ಕೆತ್ತಿಸಿದ್ದರು. ಓದಿದೆ. ಸಾಹುಕಾರರ ಹೆಂಡತಿಯ ಹೆಸರು.

"ನಿಮ್ಮ ಹೊಸಬನ ಕಲಾಯಿ ನಾಲ್ಕು ದಿನಕ್ಕೆ ಏಳ್ತದಂತ್ರೀ. ಮಜ್ಜಿಗೆ ಕಿಲುಬಾಗ್ತದಂತೆ," ಎಂದ ಕಲಾಯಿಯವನು. "ಅಮ್ಮಾವ್ರು ಅಂದಿದ್ದು, ನಾನಲ್ಲ."

ಸಾಹುಕಾರರು ಪಾತ್ರೆಯನ್ನು ಅವನ ಕೈಗೆ ಕೊಟ್ಟರು. ಮನೆಯಲ್ಲಿ ಯಾರ ಕಾಯ್ದೆ ನಡೆಯುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಊರಿಗೇ ಬಂದುಬಿಡೋ ಮಾರಾಯ," ಎಂದರು.

"ಹೆಂಗೆ ಬರ್ಲಿ? ಹೆಬ್ಬೆಟ್ಟು ಒತ್ತೀನಲ್ಲ."

ಸಾಹುಕಾರರು ನನ್ನತ್ತ ತಿರುಗಿದರು. "ವಕೀಲ್ರೇ, ಆ ಕರಾರು ನಡೆಯೋದಿಲ್ಲ ಅಂತಿದ್ರಲ್ಲ, ಅದನ್ನೇ ಬರೆದುಕೊಡ್ರಿ. ಛಾಪಾ ಕಾಗದದ ಮೇಲೆ."