ಮೊದಲ ಗುಟುಕು ಆಜಿಗೆ

ಓದುವ ಹಿರಿಯರಿಗೂ ಕಿರಿಯರಿಗೂ ನನ್ನ ನಮಸ್ಕಾರ. ಬರೆಯುವುದರಲ್ಲಿ ನಾನು ಹೊಸಬ. ಮದುವೆಯಾಗಿ ಒಂದು ಕೂಸೂ ಆದ ಮೇಲೆ ಹೊರಗಿನಿಂದ ಕಟ್ಟಿ ಹತ್ತನೇ ಇಯತ್ತೆ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ನಾನು "ವೈನ್" ಎಂದು ಒತ್ತಿದರೆ ಫೋನು ತನ್ನ ಬುದ್ಧಿ ಓಡಿಸಿ "ವೈರಿ" ಎಂದು ಕೂರಿಸುತ್ತದೆ. ಎಲ್ಲಾದರೂ ಹಾಗೆ ಉಳಿದಿದ್ದರೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವುದು ಹೇಗೂ ನಮ್ಮ ಕೇಟರಿಂಗಿನವರ ಮಾತೇ.

ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ. ಪುಣೆಯಲ್ಲಿ ದೊಡ್ಡವರ ಸಮಾರಂಭಗಳಿಗೆ ವೈನ್ ಆರಿಸುವುದು, ಬಡಿಸುವುದು ನನ್ನ ಕೆಲಸ. ಆದರೆ ಇವತ್ತಿನವರೆಗೆ ಅದರ ಒಂದು ಹನಿಯನ್ನೂ ನಾನು ನಾಲಗೆಗೆ ಮುಟ್ಟಿಸಿಲ್ಲ. ನಮ್ಮದು ಇಂಡಿ ಕಡೆಯ ಸಣ್ಣ ಊರು. ಅಲ್ಲಿ ದ್ರಾಕ್ಷಿ ತಿನ್ನುವುದು ಗೊತ್ತಿತ್ತು, ಒಣಗಿಸುವುದು ಗೊತ್ತಿತ್ತು. ಅದನ್ನು ಕೊಳೆಸಿಟ್ಟು ಇಷ್ಟು ಮರ್ಯಾದೆ ಕೊಡುತ್ತಾರೆಂದು ಗೊತ್ತಿರಲಿಲ್ಲ. ಭೋಸರಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದ ನನ್ನನ್ನು ಹಡಪಸರದಲ್ಲಿ ಕೇಟರಿಂಗ್ ನಡೆಸುವ ವಾಸಣ್ಣ ಕರೆದುಕೊಂಡರು. ಅವರು ಕುಂದಾಪುರದ ಕಡೆಯವರು. ಅವರಲ್ಲಿ ವೈನ್ ನೋಡಿಕೊಳ್ಳುತ್ತಿದ್ದ ಮನುಷ್ಯ ಮೊದಲು ತಾನು ನೋಡಿಕೊಂಡು, ಉಳಿದದ್ದನ್ನು ಗಿರಾಕಿಗೆ ಕೊಡುತ್ತಿದ್ದನಂತೆ. ಅವನನ್ನು ಬಿಡಿಸಿದ ದಿನ ವಾಸಣ್ಣ ನನ್ನನ್ನು ಕರೆದು, "ನೀನು ಕುಡಿಯುವುದಿಲ್ಲ ಅಲ್ವಾ ಮಾರಾಯ? ಹಾಗಾದ್ರೆ ಬಾಟ್ಲಿ ಎಲ್ಲ ನಿನ್ನ ಕೈಗೆ" ಎಂದರು. ನನ್ನ ಅರ್ಹತೆ ಇಷ್ಟೇ.

ಕಲಿತದ್ದು ಪೆಟ್ಟು ತಿಂದು. ಮೊದಮೊದಲು ಒಬ್ಬ ಸಾಹೇಬರು ಡ್ರೈ ವೈನ್ ಬೇಕು ಎಂದಾಗ, ಐಸಿನಿಂದ ತೆಗೆದ ಬಾಟ್ಲಿಯನ್ನು ಟವೆಲ್ಲಿನಿಂದ ಪಸೆಯೂ ಇಲ್ಲದಂತೆ ಒರೆಸಿ ಒಯ್ದು ಕೊಟ್ಟೆ. ಅವರು ಕುಡಿದು ಪರ್ಫೆಕ್ಟ್ ಎಂದರು. ಡ್ರೈ ಎಂದರೆ ಸಿಹಿ ಇಲ್ಲದ್ದು ಎಂದು ತಿಳಿಯುವ ಹೊತ್ತಿಗೆ ನನ್ನ ಹೆಸರಾಗಿಬಿಟ್ಟಿತ್ತು. ಕೆಂಪು ವೈನನ್ನು ತಣ್ಣಗೆ ಕೊಡಬಾರದು ಎಂದು ಯಾರೋ ಹೇಳಿದ್ದಕ್ಕೆ ತಂದೂರಿನ ಪಕ್ಕ ಇಟ್ಟು ಕೊಟ್ಟೆ. ಒಬ್ಬರು ಅದನ್ನು ಊದಿಕೊಂಡು ಕುಡಿದು, ಶೀತಕ್ಕೆ ಒಳ್ಳೆಯದೇ ಎಂದು ಕೇಳಿದರು. ಈಗ ಅಷ್ಟು ಕೆಟ್ಟದಾಗಿಲ್ಲ. ಮಟನ್ ಇದ್ದರೆ ಕೆಂಪು, ಮೀನು ಪನೀರಿಗೆ ಬಿಳಿ, ಕೇಕ್ ಕತ್ತರಿಸುವಾಗ ಬುರುಗು ಬರುವುದು. ನಾಲಗೆಯ ಕೆಲಸವನ್ನೆಲ್ಲ ಮೂಗಿಗೆ ವಹಿಸಿದ್ದೇನೆ. ಮೂಗು ನನ್ನನ್ನು ಇನ್ನೂ ಕೈಬಿಟ್ಟಿಲ್ಲ.

ವೈನ್ ಬಡಿಸುವುದರಲ್ಲಿ ಒಂದು ಪದ್ಧತಿ ಇದೆ. ಬಾಟ್ಲಿ ಬಿಚ್ಚಿದ ಮೇಲೆ ಮನೆಯ ಯಜಮಾನರಿಗೆ ಒಂದೇ ಒಂದು ಗುಟುಕು ಹಾಕಬೇಕು. ಅವರು ಮೂಸಿ, ಕುಡಿದು, ಹೂಂ ಎಂದು ತಲೆಯಾಡಿಸಿದ ಮೇಲೆಯೇ ಮಿಕ್ಕವರಿಗೆ. ನಮ್ಮ ಕಡೆ ದೇವರಿಗೆ ಎಡೆ ಹಿಡಿಯದೆ ಯಾರ ಎಲೆಗೂ ಬಡಿಸುವುದಿಲ್ಲವಲ್ಲ, ಹಾಗೆ. ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಅದೇ ನನ್ನನ್ನು ಸಿಕ್ಕಿಹಾಕಿಸಿತು.

ಬಿಬವೇವಾಡಿಯಲ್ಲಿ ಒಂದು ಹಳೆಯ ಬಂಗಲೆ, ಮರಾಠಿ ಮನೆತನ. ಮನೆಯ ಹಿರಿಯ ಅಜ್ಜಿಗೆ, ಮರಾಠಿಯಲ್ಲಿ ಆಜಿಗೆ, ಸಹಸ್ರಚಂದ್ರದರ್ಶನ, ಅಂದರೆ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಂಭ್ರಮ. ಬೆಳಿಗ್ಗೆ ಹೋಮ, ಆರತಿ. ಸಂಜೆ ಮೊಮ್ಮಕ್ಕಳ ಆಸೆಯಂತೆ ಕೇಕು, ಮಟನ್, ವೈನ್. ನಾನು ನೇರಳೆಹಣ್ಣಿನ ಬಣ್ಣದ, ಕಪ್ಪಿಗೆ ತಿರುಗುವ ಕೆಂಪನ್ನು ಆರಿಸಿದ್ದೆ. ಹೋಮದ ಹೊಗೆ ಇನ್ನೂ ಹಾಲ್‌ನಿಂದ ಹೋಗಿರಲಿಲ್ಲ. ಬಾಟ್ಲಿ ಬಿಚ್ಚಿದರೆ ಮೂಗಿಗೆ ಬಂದದ್ದು ದ್ರಾಕ್ಷಿಯಲ್ಲ, ಬೂದಿ. ಆಜಿ ಮೂಲೆಯ ಬೆತ್ತದ ಕುರ್ಚಿಯಲ್ಲಿ ಗೊಂಬೆಯಂತೆ ಕೂತಿದ್ದರು. ಅವರು ಮಾತು ಬಿಟ್ಟು ಬಹಳ ದಿನವಾಯಿತು, ಊಟವೂ ಹಕ್ಕಿಯ ಹಾಗೆ, ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ ಎಂದು ಅವರ ಸೊಸೆ ಹೇಳಿದರು. ಈ ಸೊಸೆಯನ್ನು ನಾನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ.

ಮೊದಲ ಗುಟುಕು ಯಾರಿಗೆ ಎಂದು ಕೇಳಿದೆ. ಮೊಮ್ಮಗಳ ಹೆಸರು ಸಾಯಲಿ, ಮರಾಠಿಯಲ್ಲಿ ಅದೊಂದು ಹೂವು. ತುಂಬು ಬಸುರಿ. ತಾನಂತೂ ಮುಟ್ಟುವ ಹಾಗಿಲ್ಲ, ದಿನ ಆಜಿಯದು, ಆಜಿಯೇ ಹೂಂ ಅನ್ನಲಿ ಎಂದಳು. ಎಲ್ಲರೂ ನಕ್ಕರು. ನಾನು ಗ್ಲಾಸನ್ನು ಟ್ರೇಯಲ್ಲಿಟ್ಟುಕೊಂಡು ಹೋಗಿ ಬಾಗಿ ನಿಂತೆ. ಆಜಿ ತಲೆ ಎತ್ತಿದರು. ಕಣ್ಣು ನನ್ನ ಮುಖದ ಮೇಲಲ್ಲ, ಕಿವಿಯ ಪಕ್ಕದಲ್ಲೆಲ್ಲೋ ನಿಂತಿತು. ಪೊರೆ ಬಂದಿರಬೇಕು ಅಂದುಕೊಂಡೆ.

"ಬಂದ್ಯಾ?" ಎಂದರು. ಕನ್ನಡದಲ್ಲಿ.

ನನ್ನ ಮೈ ಜುಮ್ಮೆಂದಿತು. ಆಜಿಯ ತವರು ಅಥಣಿ ಕಡೆ ಎಂದು ತಿಳಿದದ್ದು ಆಮೇಲೆ. ಆ ಮನೆಯಲ್ಲಿ ಮತ್ತೆ ಯಾರಿಗೂ ಕನ್ನಡ ಬರುವುದಿಲ್ಲ. ನಾನಂತೂ ಆವರೆಗೆ ಆಡಿದ್ದೆಲ್ಲ ಮರಾಠಿ. ನಾನು ಕನ್ನಡದವನೆಂದು ಇವರಿಗೆ ಹೇಗೆ ತಿಳಿಯಿತು? ಆದರೆ ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಅಪ್ಪಣೆ ಕೇಳುವುದಿಲ್ಲ.

"ಬಂದೀನ್ರಿ ಅವ್ವಾ."

"ನಂದಿನ್ನೂ ಊಟಾ ಆಗಿಲ್ಲ."

"ಅವಸರ ಏನಿಲ್ಲರಿ. ಸಾವಕಾಶ ಊಟಾ ಮಾಡ್ರಿ. ಅಲ್ಲೀತನಾ ನಾ ಇಲ್ಲೇ ನಿಂತಿರ್ತೀನಿ."

"ಇಷ್ಟ ಮಂದ್ಯಾಗ ನನ್ನ ಕಡೇನ ಬಂದಿ?"

"ಹಿರಿಯರಿಂದನ ಸುರು ಮಾಡ್ಬೇಕಲ್ಲರಿ. ಆಮ್ಯಾಲೆ ಒಬ್ಬೊಬ್ಬರದ ಪಾಳಿ. ಯಾರನೂ ಬಿಡೂದಿಲ್ಲ."

ಆಜಿ ಹಾಲ್‌ನಲ್ಲಿದ್ದ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿದರು. "ಬ್ಯಾಡಂದ್ರ?"

"ಬ್ಯಾಡಂದ್ರ ಒತ್ತಾಯಿಲ್ಲರಿ ಅವ್ವಾ. ಇನ್ನೊಮ್ಮೆ ಬರ್ತೀನಿ."

ಅವರು ಅಂಗೈಯನ್ನು ಗ್ಲಾಸಿನ ಬಾಯಿಯ ಮೇಲೆ ಮುಚ್ಚಿದರು. "ಹಂಗಾರ ಆ ಹುಡಿಗಿ ಹಡದು, ಕೂಸಿಗೆ ಹೆಸರಿಡೂತನಾ ತಡಿ. ಅದರ ಮಾರಿ ನೋಡಿ ಬರ್ತೀನಿ."

ಆಗ ನನಗೆ ಬೆಳಕಾಯಿತು. ಎದುರಿನ ಕಿಟಕಿಯ ಗಾಜಿನಲ್ಲಿ ನನ್ನನ್ನೇ ಕಂಡೆ. ವಾಸಣ್ಣ ಹೊಲಿಸಿಕೊಟ್ಟ ಕರೀ ಕೋಟು, ಬಿಳೀ ಕೈಗವಸು, ಟ್ರೇಯಲ್ಲಿ ಕೆಂಪಗಿನದೊಂದು. ಮುದುಕಿಯ ಮುಂದೆ ಬಾಗಿ ನಿಂತು, ಯಾರನೂ ಬಿಡೂದಿಲ್ಲ ಎಂದವನು ನಾನು. ಏನಾದರೂ ಹೇಳಿ ತಿದ್ದಬೇಕಿತ್ತು. ಬಾಯಿಂದ ಹೊರಟದ್ದು, "ಆತ್ರಿ."

ಹಿಂದೆ ಮನೆಯವರೆಲ್ಲ ಸೇರಿದ್ದರು. ಆಜಿ ಮಾತಾಡಿದರಲ್ಲ ಎಂದು ವಹಿನಿ ಕಣ್ಣೊರೆಸಿಕೊಂಡು, ಏನಂದರು ಎಂದು ಕೇಳಿದರು. ಇವತ್ತು ವೈನ್ ಬೇಡವಂತೆ, ಕೂಸಿನ ನಾಮಕರಣದ ದಿನ ನೋಡೋಣವಂತೆ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಆ ರಾತ್ರಿ ಆಜಿ ಹೊಟ್ಟೆ ತುಂಬ ಉಂಡರಂತೆ. ಮರುದಿನದಿಂದ ಮರಾಠಿಯಲ್ಲಿ ಮಾತೂ ಸುರುವಾಯಿತಂತೆ.

ವಾಸಣ್ಣನಿಗೆ ಹೇಳಿದರೆ ಅವರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು, ಯಮ ಹೀಗೆ ಪಾರ್ಟ್ ಟೈಮ್ ಕೆಲಸಕ್ಕೆ ಸಿಗುತ್ತಾನೆಂದು ಬೋರ್ಡು ಹಾಕುವಾ ಎಂದರು. ನನ್ನ ಹೆಂಡತಿ ನಗಲಿಲ್ಲ. ಕೊಟ್ಟ ಮಾತು ಏನು, ಇನ್ನೊಮ್ಮೆ ಬರ್ತೀನಿ ಅಂತ. ಹೋಗದಿದ್ದರೆ ಮುಗಿಯಿತು, ಆ ತಾಯಿ ನೂರು ವರ್ಷ ಇರಲಿ ಎಂದಳು. ನನಗೂ ಸರಿ ಅನ್ನಿಸಿತು. ಒಬ್ಬರ ಜೀವ ಉಳಿಸಲು ನಾನು ಮಾಡಬೇಕಾದ್ದು ಮನೆಯಲ್ಲಿ ಕೂರುವುದು. ಇಷ್ಟು ಸುಲಭದ ಪುಣ್ಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಸಾಯಲಿಗೆ ಹೆಣ್ಣುಕೂಸಾಯಿತು. ನಾಮಕರಣದ ಆರ್ಡರು ಬಂತು, ವೈನಿಗೆ ಅದೇ ಮನುಷ್ಯ ಬರಬೇಕೆಂಬ ಮಾತೂ ಬಂತು. ನನಗೆ ಜ್ವರ ಎಂದೆ. ಆಗ ವಹಿನಿಯೇ ಫೋನ್ ಮಾಡಿದರು. ಆಜಿ ಬಾಗಿಲು ನೋಡುತ್ತ ಕೂತಿದ್ದಾರೆ, ಅಂವ ಬಂದನೇ ಎಂದು ಕೇಳುತ್ತಾರೆ, ಬರುವವರೆಗೆ ತುತ್ತು ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದಾರೆ, ದಯವಿಟ್ಟು ಬನ್ನಿ. ಹೋದರೆ ಆಜಿ ಹೊರಡುತ್ತಾರೆ, ಹೋಗದಿದ್ದರೆ ಉಪವಾಸವಿದ್ದು ಹೊರಡುತ್ತಾರೆ. ಹತ್ತನೇ ಇಯತ್ತೆಯ ಗಣಿತದಲ್ಲೂ ನಾನು ಇಷ್ಟು ಬೆವೆತಿರಲಿಲ್ಲ.

ಹೋದೆ. ಆದರೆ ಬಂದೋಬಸ್ತು ಮಾಡಿಕೊಂಡು. ಕೆಂಪು ಬೇಡವೇ ಬೇಡ ಎಂದು ಬಿಳಿ ವೈನ್ ಆರಿಸಿದೆ. ಎಳೆ ಹುಲ್ಲಿನ ಬಣ್ಣದ್ದು, ಮೂಸಿದರೆ ನಿಂಬೆಯ ವಾಸನೆ, ಯಾವ ಯಮದೂತನೂ ತರಲಾರದಂಥದ್ದು. ಕೋಟಿಲ್ಲ, ಕೈಗವಸಿಲ್ಲ. ಹೆಂಡತಿ ಆರಿಸಿಕೊಟ್ಟ ಹಳದಿ ಹೂವಿನ ಬುಶ್ ಶರ್ಟು. ಹೊತ್ತು ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಇಷ್ಟಾದರೂ ಆ ಹಾಲ್‌ಗೆ ಕಾಲಿಟ್ಟಾಗ ಬೆನ್ನ ಮೇಲೆ ಐಸಿಟ್ಟಂತಾಯಿತು. ತೊಟ್ಟಿಲ ಪಕ್ಕದಲ್ಲಿ ಆಜಿ ಹೊಸ ಸೀರೆ ಉಟ್ಟು ಕೂತಿದ್ದರು. ಕೈ ಬರಿದು. ಬಳೆಗಳೆಲ್ಲ ಸಾಯಲಿಯ ಕೈಯಲ್ಲಿದ್ದವು. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಬಸ್ಸು ಕಾಯುವವರ ಹಾಗೆ.

ಒಂದು ಗುಟುಕು ಹಾಕಿದೆ. ಇನ್ನು ತಡೆಯಲಾಗದೆ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಖರೇ ಹೇಳಿಬಿಟ್ಟೆ. "ಅವ್ವಾ, ನಾ ಅಂವ ಅಲ್ಲರಿ. ಇಂಡಿ ಕಡೆಯಾಂವ. ವೈನ್ ಹಾಕಾಂವ, ಅಷ್ಟ."

ಆಜಿ ನಕ್ಕರು. "ಗೊತ್ತದನೋ ಖೋಡಿ. ಅವತ್ತೂ ಗೊತ್ತಿತ್ತು. ನಿನ್ನ ಯಾರ ಮಾತಾಡ್ಸಿದ್ರು? ನಾ ಮಾತಾಡಿದ್ದು ನಿನ್ನ ಹಿಂದ ನಿಂತಾವನ ಜೋಡಿ."

ನಾನು ಹಿಂದೆ ತಿರುಗಲಿಲ್ಲ. ತಿರುಗಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನೀವು ಬಂದು ತಿರುಗಿರಿ.

"ಪಾಪ, ಅವಗ ಬಾಯಿ ತೆರಿಯಾಕ ಬಿಡಲಿಲ್ಲ ನೀ. ಎಲ್ಲಾದಕ್ಕೂ ನೀನ ಜವಾಬ ಕೊಟ್ಟಿ. ಇವತ್ತೂ ನಿಂತಾನ ನೋಡು."

ಗಂಟಲು ಒಣಗಿತ್ತು. ಡ್ರೈ ಎಂಬುದರ ಅರ್ಥ ಪೂರಾ ತಿಳಿದದ್ದು ಆಗ. "ಏನ ಅಂತಾರ್ರಿ?" ಎಂದೆ.

"ನೀ ಸುಮ್ಮಾದ ಮ್ಯಾಲೆ ಹೇಳ್ತಾನಂತ."

ಆಮೇಲೆ ನಾನು ಸುಮ್ಮನಾಗಲಿಲ್ಲ. ಇಂಡಿಯ ನಿಂಬೆಯ ಪೇಟೆಯಿಂದ ಸುರು ಮಾಡಿ, ನಮ್ಮ ತಂಗಿಯ ಮದುವೆ, ಬಾವಿಗೆ ಬಿದ್ದ ಎಮ್ಮೆ, ಪರೀಕ್ಷೆಯಲ್ಲಿ ನನ್ನನ್ನೇ ಮೇಲ್ವಿಚಾರಕ ಎಂದು ತಿಳಿದು ಹುಡುಗರು ಎದ್ದು ನಿಂತದ್ದು, ಉಸಿರು ಬಿಡದೆ ಹೇಳಿದೆ. ವೈನನ್ನು ನಮ್ಮ ಬೇರೆ ಹುಡುಗರು ಬಡಿಸಿದರು. ಆಜಿ ಎಮ್ಮೆಯ ಕತೆಯ ನಡುವೆ ಆ ಗುಟುಕು ಕುಡಿದು ಮುಖ ಕಿವುಚಿ, ಇದಕ್ಕ ಇಷ್ಟ ಗದ್ದಲಾ ಮಾಡ್ತಾರೇನು ಎಂದರು. ಊಟ ತರಿಸಿಕೊಂಡು ಉಂಡರು. ಕೂಸಿನ ಹೆಸರು ಕಿವಿಯಲ್ಲಿ ಹೇಳಿದರು. ಹಾಗೆಯೇ ಕೂತಲ್ಲೇ ಕಣ್ಣು ಮುಚ್ಚಿದಾಗ ಚೀಲ ಮಡಿಲಿಂದ ಜಾರಿ ಬಿತ್ತು. ನನ್ನ ಎದೆಯೂ ಬಿತ್ತು. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ನಿದ್ದೆ. ಗೊರಕೆ ಕೂಡ.

ಈಗ ರಜೆ ಸಿಕ್ಕಾಗಲೆಲ್ಲ ಬಿಬವೇವಾಡಿಗೆ ಹೋಗಿ ಮಾತಾಡಿ ಬರುತ್ತೇನೆ. ಆಜಿ ಚೆನ್ನಾಗಿದ್ದಾರೆ, ಬಳೆ ವಾಪಸು ಇಸಿದುಕೊಂಡಿದ್ದಾರೆ. ಇಂಥ ಸೇವೆ ಯಾರು ಮಾಡುತ್ತಾರೆ ಎಂದು ವಹಿನಿ ಚಹಾ ಕೊಡುತ್ತಾರೆ. ನನ್ನಲ್ಲಿ ಮಾತು ಮುಗಿಯುತ್ತ ಬಂದಿದೆ. ಎಮ್ಮೆ ಬಾವಿಗೆ ಬಿದ್ದು ಮೇಲೆ ಬಂದದ್ದು ಅದೆಷ್ಟು ಸಲವಾಯಿತೋ, ನಾನು ತಪ್ಪಿದರೆ ಆಜಿಯೇ ತಿದ್ದುತ್ತಾರೆ. ಆದರೆ ಮೊನ್ನೆ ಗಾಡಿಯ ಮೇಲೆ ಮನೆಗೆ ಬರುವಾಗ ಒಂದು ವಿಷಯ ತಲೆಗೆ ಹೊಳೆದು, ಸಿಗ್ನಲ್ಲಿನಲ್ಲಿ ನಿಂತವನು ಹಸಿರು ಬಿದ್ದರೂ ಹೊರಡಲಿಲ್ಲ. ಆಜಿಯ ಹಿಂದೆ ಯಾರೂ ನಿಂತಿಲ್ಲ. ಅವನು ನಿಂತಿರುವುದು ನನ್ನ ಹಿಂದೆ. ನಾನು ಸುಮ್ಮನಾದ ಮೇಲೆ ಹೇಳುತ್ತಾನಂತೆ, ಸರಿ. ಯಾರಿಗೆ ಎಂದು ನಾನು ಕೇಳಲೇ ಇಲ್ಲ.

ಇಂಥದ್ದು ನಿಮಗೂ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ಆಗಿರದಿದ್ದರೂ ಏನಾದರೂ ಬರೆಯಿರಿ, ನಿಮ್ಮ ಊರಿನ ಎಮ್ಮೆಯದಾದರೂ ಸರಿ. ಉದ್ದವಾಗಿದ್ದಷ್ಟೂ ಒಳ್ಳೆಯದು. ನಾನು ಅದನ್ನೆಲ್ಲ ಗಟ್ಟಿಯಾಗಿಯೇ ಓದುತ್ತೇನೆ.