ಅವನನ್ನೇನು ಕೇಳೋದು?

ಮೈಕಿನ ಗಂಟಲು ಕಟ್ಟಿದ್ದಕ್ಕೆ ಫ್ರಿಜ್ಜಿನ ಒಂದು ಲೋಟ ನೀರೇ ಕಾರಣ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ದಿನವಿಡೀ ಕೂಗಿ ಹೇಳುವ ಕೆಲಸ ಅವನದು. ಅದಕ್ಕೇ ಊರವರು ಮೈಕು ಎಂದು ಹೆಸರಿಟ್ಟಿದ್ದರು. ಮನೆಯಲ್ಲೂ ಅವನದೇ ದನಿ. ಅದರಲ್ಲೂ ತಮ್ಮನನ್ನು ಯಾರಾದರೂ ಏನಾದರೂ ಕೇಳಿದರೆ, ತಮ್ಮ ಬಾಯಿ ತೆರೆಯುವಷ್ಟರಲ್ಲಿ ಇವನು ಉತ್ತರ ಹೇಳಿ ಮುಗಿಸಿರುತ್ತಿದ್ದ.

ತಮ್ಮನಿಗೆ ಮೂವತ್ತು ದಾಟಿತ್ತು. ಹುಟ್ಟಿನಿಂದ ಬುದ್ಧಿ ಕೊಂಚ ನಿಧಾನ. ಒಂದು ಮಾತು ಬಂದರೆ ಅದನ್ನು ಒಳಗೆ ಕರೆದು, ಕೂರಿಸಿ, ವಿಚಾರಿಸಿ, ಆಮೇಲೆ ಉತ್ತರ ಕೊಡುವವನು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದ, ಮಹಡಿಯ ಕೋಣೆಯಲ್ಲಿ ತನ್ನ ಪಾಡಿಗೆ ತಾನಿದ್ದ. ಆ ಕೋಣೆಯ ಮೇಲೆ ಮೈಕಿನ ಕಣ್ಣು ಬಿದ್ದಿತ್ತು. ಊರಾಚೆ ‘ಇಂಥವರಿಗೆ’ ಅಂತಲೇ ಒಂದು ಮನೆ ಇದೆಯಂತೆ ಎಂದು ಯಾರೋ ಹೇಳಿದ್ದೇ ತಡ, ಫೋನು ಮಾಡಿ ಎಲ್ಲ ಗೊತ್ತುಮಾಡಿದ್ದ. ತಮ್ಮನಿಗೆ ಹೇಳಿದ್ದು ಮಾತ್ರ, “ಒಂದು ಜಾಗ ನೋಡ್ಕೊಂಡು ಬರೋಣ” ಅಂತ.

“ಬಿಟ್ಟು ಬರೋ ವಿಷಯ ಅವನನ್ನ ಒಂದು ಮಾತು ಕೇಳಿದ್ರಾ?” ಎಂದಳು ಹೆಂಡತಿ, ಗಂಡನ ಕುತ್ತಿಗೆಗೆ ಮಫ್ಲರ್ ಸುತ್ತುತ್ತ.

“ಅವನನ್ನೇನು ಕೇಳೋದು?” ಎನ್ನಲು ಮೈಕು ಬಾಯಿ ತೆರೆದ. ನೀರು ಬಾರದ ನಲ್ಲಿ ತಿರುಗಿಸಿದ ಹಾಗೆ ಬರೀ ಗಾಳಿ ಬಂತು.

ಹೊಸ ಜಾಗಕ್ಕೆ ಹೋಗುವವನು ನೀಟಾಗಿರಲಿ ಎಂದು ತಮ್ಮನನ್ನು ಮೊದಲು ಕಟಿಂಗ್ ಶಾಪಿಗೆ ಕರೆದೊಯ್ದ. ಮಾಮೂಲಿ ಅಂಗಡಿಗೆ ಬೀಗ. ಎದುರಿನ ಹೊಸ ಅಂಗಡಿಯವನು ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದ. ಒಬ್ಬ ಲಾಂಡ್ರಿಯ ಇಸ್ತ್ರಿ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದಾನೆ. ಇನ್ನೊಬ್ಬ ರಾತ್ರಿಯಿಡೀ ಕೆಮ್ಮಿ ಕಣ್ಣು ಕೆಂಪಗೆ ಮಾಡಿಕೊಂಡು, ಮಫ್ಲರ್ ಸುತ್ತಿ, ಬಾಯಿ ತೆರೆದು ಕೈ ಆಡಿಸುತ್ತಿದ್ದಾನೆ. ಮೈಕು ತಮ್ಮನ ಕಡೆ ಬೆರಳು ತೋರಿಸಿದ. ಕ್ಷೌರಿಕ ಆ ಬೆರಳನ್ನೇ ಮೆಲ್ಲಗೆ ಹಿಡಿದು ಅವನನ್ನು ಕುರ್ಚಿಗೆ ಕೂರಿಸಿದ.

“ಹೇಗೆ ಕತ್ತರಿಸ್ಲಿ ಸಾರ್?” ಎಂದು ತಮ್ಮನನ್ನು ಕೇಳಿದ.

ತಮ್ಮ ಯೋಚಿಸಿ ಹೇಳಿದ, “ತಲೆ ಅವನದು. ಅವನನ್ನೇ ಕೇಳಿ.”

“ಅವರನ್ನೇನು ಕೇಳೋದು ಸಾರ್! ಇಂಥವರಿಗೆ ಸಣ್ಣದಾಗಿ ಹೊಡೆದುಬಿಟ್ರೆ ಯಾರಿಗೂ ರಗಳೆ ಇರಲ್ಲ.”

ಮಷಿನ್ನು ಗುಂಯ್ ಎಂದಿತು. ಏಳಲು ಹೋದಾಗಲೆಲ್ಲ ಕ್ಷೌರಿಕನ ಕೈ ಭುಜ ಒತ್ತಿ ಕೂರಿಸುತ್ತಿತ್ತು. ಎಲ್ಲ ಮುಗಿದ ಮೇಲೆ ಮೈಕು ಕನ್ನಡಿ ನೋಡಿದ. ಒಂದು ಗಳಿಗೆ ಅದರಲ್ಲಿ ತಾನು ಎಲ್ಲಿದ್ದೇನೆಂದೇ ಅವನಿಗೆ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಹೆಂಗಸೊಬ್ಬಳು ಎದ್ದು ಅವನಿಗೆ ಸೀಟು ಬಿಟ್ಟುಕೊಟ್ಟಳು. ಸಣ್ಣದಾಗಿ ಕತ್ತರಿಸಿದ ಅವನ ತಲೆಯನ್ನು ಒಮ್ಮೆ ಸವರಿ, ತಮ್ಮನ ಕಡೆ ತಿರುಗಿದಳು.

“ಪಾಪ, ಹುಟ್ಟಿದಾಗಿನಿಂದ್ಲೂ ಹೀಗೇನಾ?”

“ಇಲ್ಲ. ಇವತ್ತು ಬೆಳಿಗ್ಗೆಯಿಂದ.”

“ಅಯ್ಯೋ ದೇವ್ರೇ! ನಮ್ಮ ಮಾತು ಇವರಿಗೆ ಅರ್ಥ ಆಗುತ್ತಾ?”

“ಅರ್ಥ ಆಗುತ್ತೆ. ಎಲ್ಲಾನೂ.”

“ಹಾಗಂತ ನಾವು ಅಂದ್ಕೋಬೇಕು ಅಷ್ಟೇ,” ಎಂದು ನಿಟ್ಟುಸಿರಿಟ್ಟಳು. ಬಸ್ಸಿನವರೆಲ್ಲ ಅವನ ವಿಷಯ ಮಾತಾಡತೊಡಗಿದರು. ಒಬ್ಬರ ಕಣ್ಣೂ ಅವನ ಕಣ್ಣಿಗೆ ಸಿಗಲಿಲ್ಲ. ಎಲ್ಲರ ನೋಟವೂ ಅವನ ಕಿವಿಯ ಪಕ್ಕ, ಅಲ್ಲಿ ಇನ್ನಾರೋ ನಿಂತಿರುವಂತೆ, ಹೋಗಿ ನಿಲ್ಲುತ್ತಿತ್ತು. ಮೈಕು ಎರಡು ಸಲ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ನಿಂತವನಿಗೆ ಮುಖವೂ ಇರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಮನೆ ತುಂಬ ಸ್ವಚ್ಛವಾಗಿತ್ತು. ನಡುಹಗಲಾದರೂ ಒಳಗೆ ಒಂದು ಚಮಚದ ಸದ್ದಿಲ್ಲ. ಬಿಳಿ ಸೀರೆಯ ಮೇಡಂ ನಗುನಗುತ್ತ ಬಂದು ತಮ್ಮನಿಗೆ ಕೈಮುಗಿದಳು.

“ಬನ್ನಿ ಸಾರ್, ನಿಮ್ಮ ದಾರೀನೇ ಕಾಯ್ತಿದ್ದೆ. ಇವರೇನಾ?”

“ಇವನು ನಮ್ಮಣ್ಣ.”

“ಅಣ್ಣಾನಾ? ಫೋನಲ್ಲಿ ತಮ್ಮ ಅಂದ ಹಾಗಿತ್ತು. ಇರ್ಲಿ ಬಿಡಿ, ನಮಗೆ ಇಲ್ಲಿ ಎಲ್ಲರೂ ಒಂದೇ.”

ಮೈಕು ನಾನಲ್ಲ ನಾನಲ್ಲ ಎಂದು ತಲೆ ಅಲ್ಲಾಡಿಸಿದ, ಬರೆಯುವಂತೆ ಸನ್ನೆ ಮಾಡಿದ. ಮೇಡಂಗೆ ಖುಷಿಯೋ ಖುಷಿ. “ಚಿತ್ರ ಬಿಡಿಸ್ತಾರಾ!” ಎಂದು ಒಂದು ಹಾಳೆ, ಒಂದು ಬಣ್ಣದ ಕಡ್ಡಿ ಕೊಟ್ಟಳು. ‘ಇರಲು ಬಂದವನು ನಾನಲ್ಲ’ ಎಂದು ಅವನು ದೊಡ್ಡದಾಗಿ ಬರೆದ. ಅವಳು ಹಾಳೆಯನ್ನು ಓದಲಿಲ್ಲ. “ಎಷ್ಟು ಮುದ್ದಾಗಿದೆ” ಎಂದು ಗೋಡೆಗೆ ಅಂಟಿಸಿದಳು. ಗೋಡೆಯ ತುಂಬ ಅಂಥ ಹಾಳೆಗಳಿದ್ದವು. ಒಂದರಲ್ಲೂ ಚಿತ್ರವಿರಲಿಲ್ಲ, ಬರೀ ಅಕ್ಷರ.

ತಮ್ಮ ಎಲ್ಲವನ್ನೂ ನೋಡುತ್ತಿದ್ದ. “ಮೇಡಂ, ಅವನಿಗೆ ಇಷ್ಟ ಇಲ್ಲ. ಬೇಡ ಅಂತಿದ್ದಾನೆ. ನಿಧಾನವಾಗಿ ಅವನನ್ನೇ ಕೇಳಿ,” ಎಂದ.

“ನೀವೇ ಫೋನಲ್ಲಿ ಹೇಳಿದ್ರಲ್ಲ ಸಾರ್? ಬೇಡ ಅಂತ ತಲೆ ಆಡಿಸ್ತಾನೆ, ಕೈ ಬೀಸ್ತಾನೆ, ಕೇಳೋಕೆ ಹೋಗ್ಬೇಡಿ, ಸುಮ್ನೆ ಒಳಗೆ ಕರ್ಕೊಂಡು ಹೋಗಿ ಅಂತ?”

“ನಾನು ಹೇಳಿಲ್ಲ.”

ತಮ್ಮ ಅಣ್ಣನ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಆ ಮಾತು ಅವನೊಳಗೆ ಹೋಗಿ ಕೂತು, ತಾನು ಯಾರ ಬಗ್ಗೆ ಎಂದು ಹೇಳುತ್ತಿರುವುದು ಮೈಕಿಗೆ ಕಾಣುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ತಮ್ಮನ ಉತ್ತರಕ್ಕಾಗಿ ಕಾದ. ನಾಚಿಕೆಯಿಂದ ಕುಗ್ಗಿಹೋದ.

“ನಾನು ಇಲ್ಲಿರಲ್ಲ ಅಣ್ಣ. ನಂಗೆ ನನ್ನ ಕೋಣೆ ಬೇಕು, ನನ್ನ ಕೆಲಸ ಬೇಕು,” ಎಂದ ತಮ್ಮ. ಆಮೇಲೆ ಮೇಡಂ ಕಡೆ ತಿರುಗಿ, “ಇವನೂ ಇರಲ್ಲ. ಮನೆಗೆ ಕರ್ಕೊಂಡು ಹೋಗ್ತೀನಿ,” ಎಂದ.

“ಎಲ್ಲರಿಗೂ ಮೊದಲ ದಿನ ಕರುಳು ಚುರುಕ್ ಅನ್ನುತ್ತೆ ಸಾರ್. ನೀವು ಎದುರಿಗಿದ್ದಷ್ಟೂ ಅವರಿಗೆ ಹಿಂಸೆ,” ಎಂದಳು ಮೇಡಂ. ಇಬ್ಬರು ಆಳುಗಳು ಬಹಳ ವಿನಯದಿಂದ ತಮ್ಮನನ್ನು ಗೇಟಿನ ಕಡೆ ನಡೆಸಿದರು. “ಅಣ್ಣ, ಹೆದರ್ಬೇಡ! ಅತ್ತಿಗೇನ ಕರ್ಕೊಂಡು ಬರ್ತೀನಿ!” ಎಂಬ ಕೂಗು ಕೇಳಿತು. ಗೇಟು ಸದ್ದಿಲ್ಲದೆ ಮುಚ್ಚಿತು.

ಮೈಕನ್ನು ಊಟದ ಮನೆಯ ಉದ್ದನೆಯ ಮೇಜಿಗೆ ಕೂರಿಸಿ ಬಿಸಿ ಹಾಲು ಕುಡಿಸಿದರು. ಹಾಲು ಇಳಿದದ್ದೇ ತಡ, ಗಂಟಲು ತೆರೆಯಿತು. ಅವನು ಎದ್ದು ನಿಂತು, ಬಸ್ ನಿಲ್ದಾಣದ ಮೂಲೆಮೂಲೆಗೂ ಮುಟ್ಟುವ ದನಿಯಲ್ಲಿ ಹೇಳಿದ: “ದಯವಿಟ್ಟು ಗಮನಿಸಿ! ನಾನು ಹುಷಾರಾಗಿದ್ದೇನೆ! ನಾನು ಮನೆಗೆ ಹೋಗಬೇಕು!”

ಮೇಡಂ ಚಪ್ಪಾಳೆ ತಟ್ಟಿದಳು. “ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ ನೋಡ್ರೋ!” ಎಂದು ಕೆನ್ನೆ ಸವರಿ ಹೊರಟುಹೋದಳು.

ಮೈಕು ಕುಸಿದು ಕೂತ. ಮೇಜಿನ ಸುತ್ತ ಕೂತವರನ್ನು ಆಗಷ್ಟೇ ಸರಿಯಾಗಿ ನೋಡಿದ. ಎಲ್ಲರದ್ದೂ ತನ್ನ ಹಾಗೇ ಕತ್ತರಿಸಿದ ಕೂದಲು. ಒಬ್ಬರ ಜೇಬಿನಲ್ಲಿ ಪೆನ್ನು, ಒಬ್ಬಾಕೆಯ ಸೊಂಟದಲ್ಲಿ ಮನೆಯ ಬೀಗದ ಕೈ ಗೊಂಚಲು. ಪಕ್ಕದಲ್ಲಿದ್ದ ಹಿರಿಯರು, ಹಿಂದೆ ಹೆಡ್‌ಮಾಸ್ಟರ್ ಆಗಿದ್ದವರ ಗತ್ತಿನಲ್ಲಿ, ತುಟಿ ಅಲುಗಿಸದೆ ಕೇಳಿದರು.

“ನೀವು ಯಾರನ್ನ ಬಿಡೋಕೆ ಬಂದಿದ್ರಿ?”

“ತ... ತಮ್ಮನ್ನ.”

“ನಾನು ಮಗಳನ್ನ. ಅವರು ಅಕ್ಕನ್ನ. ಆ ಕೊನೇಲಿರೋರು ಮೊಮ್ಮಗನ್ನ.”

“ನಮ್ಮನೆಯವರು ಬರ್ತಾರೆ ಸಾರ್. ತಮ್ಮ ಕರ್ಕೊಂಡು ಬರ್ತಾನೆ,” ಎಂದ ಮೈಕು.

“ಬರ್ತಾರೆ, ಬರ್ತಾರೆ. ನಮ್ಮ ಮನೆಯವರೂ ಬರ್ತಾನೇ ಇದ್ದಾರೆ,” ಎಂದು ಹಿರಿಯರು ಸಮಾಧಾನ ಮಾಡಿದರು. “ಗೇಟಿನ ಹತ್ರ ನಿಂತು, ‘ಹೇಗಿದ್ದಾರೆ, ಬರ್ತೀನಿ ಅಂತಾರಾ?’ ಅಂತ ಮೇಡಂನ ಕೇಳ್ತಾರೆ. ‘ತುಂಬಾ ಖುಷಿಯಾಗಿದ್ದಾರೆ, ಇಲ್ಲೇ ಇರ್ತಾರಂತೆ’ ಅಂತ ಮೇಡಂ ಹೇಳ್ತಾರೆ.”